62 ಮೀಟರ್ ಚರಂಡಿ

2025ರ ಆಗಸ್ಟ್ ಕೊನೇ ವಾರ ಊರಿಗೆ ಹೋಗಿದ್ದೆ. ಅಪ್ಪನ ಹೆಸರಲ್ಲಿರುವ ಮನೆಗೆ ಇ-ಸ್ವತ್ತು, ಅಂದರೆ ಪಂಚಾಯ್ತಿ ಕೊಡೋ ಕಂಪ್ಯೂಟರ್ ಆಸ್ತಿ ದಾಖಲೆ, ಮಾಡಿಸಬೇಕಿತ್ತು. ನಮೂನೆ 9, ನಮೂನೆ 11. ಹಳ್ಳಿಯಲ್ಲಿ ಒಂದು ಸೈಟು, ಒಂದು ಮನೆ ಇರುವ ಯಾರನ್ನು ಕೇಳಿದರೂ ಈ ನಂಬರುಗಳು ಬಾಯಿಪಾಠ. ಬೆಳಿಗ್ಗೆ ಹತ್ತೂವರೆಗೆ ಪಂಚಾಯ್ತಿ ಆಫೀಸಿನ ಮುಂದೆ ಹೋಗಿ ನಿಂತರೆ ಅಲ್ಲಿ ಶಾಮಿಯಾನ ಹಾಕಿದ್ದಾರೆ. ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಯಾರಾದರೂ ಮಂತ್ರಿ ಬರುತ್ತಾರೇನೋ ಅಂತ ಬಿಲ್ ಕಲೆಕ್ಟರನ್ನು ಕೇಳಿದೆ.

"ಇಲ್ಲ ಸಾರ್, ಜಮಾಬಂದಿ. ಇವತ್ತು ನಿಮ್ ಕೆಲ್ಸ ಆಗಲ್ಲ. ಕೂತ್ಕೊಳಿ, ಕಾಫಿ ಬರುತ್ತೆ."

ಕೂತೆ. ಕುರ್ಚಿ 40 ಇದ್ದವು, ಜನ 11. ಆ 11ರಲ್ಲಿ ಐದು ಜನ ಪಂಚಾಯ್ತಿ ಸಿಬ್ಬಂದಿ, ಮೂವರು ಮೆಂಬರುಗಳು. ಉಳಿದವರಲ್ಲಿ ನಾನೂ ಒಬ್ಬ, ಬೇರೆ ಕೆಲಸಕ್ಕೆ ಬಂದು ಸಿಕ್ಕಿಕೊಂಡವನು. ಮುಂದೆ ಟೇಬಲ್ ಮೇಲೆ ಹಸಿರು ಬಟ್ಟೆ, ಅದರ ಮೇಲೆ ದಪ್ಪ ದಪ್ಪ ರಿಜಿಸ್ಟರು. ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಮಧ್ಯದಲ್ಲಿ. ಅಧ್ಯಕ್ಷರು ಒಂದು ಪಕ್ಕ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇನ್ನೊಂದು ಪಕ್ಕ. ಕಾರ್ಯದರ್ಶಿ ನಿಂತುಕೊಂಡೇ ಜಮೆ, ಖರ್ಚು ಓದುತ್ತಿದ್ದರು. ಓದುವಾಗ ಅವರ ಮುಖ ಅಧಿಕಾರಿಯ ಕಡೆಗಿತ್ತು. ಬೆನ್ನು ನಮ್ಮ ಕಡೆಗೆ.

ಈ ಬರಹ ಶುರುವಾಗಿದ್ದೇ ಆ ಬೆನ್ನು ನೋಡಿ.

ಜಮಾಬಂದಿ ಅನ್ನೋದು ಹಳೇ ಪದ. ನಮ್ಮ ತಾತನ ಕಾಲದವರಿಗೆ ಅದು ಕಂದಾಯದ ಲೆಕ್ಕ. ಶಾನುಭೋಗರು ವರ್ಷಕ್ಕೊಮ್ಮೆ ದಫ್ತರ ಹೊತ್ತುಕೊಂಡು ಹೋಗಿ, ಯಾರ ಹೊಲಕ್ಕೆ ಎಷ್ಟು ಕಂದಾಯ, ಎಷ್ಟು ವಸೂಲಾಯಿತು, ಎಷ್ಟು ಬಾಕಿ ಅಂತ ಸರ್ಕಾರದ ಮುಂದೆ ಒಪ್ಪಿಸುತ್ತಿದ್ದರು. ಊರು ಸರ್ಕಾರಕ್ಕೆ ಕೊಡುತ್ತಿದ್ದ ಲೆಕ್ಕ ಅದು. ಈಗ ಇದೇ ಪದ ಪಂಚಾಯ್ತಿಗೆ ಬಂದಿದೆ, ಆದರೆ ತಲೆಕೆಳಗಾಗಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯ್ತಿಯವರು ಹಿಂದಿನ ವರ್ಷದ ಲೆಕ್ಕವನ್ನೆಲ್ಲ ಊರ ಮುಂದೆ ಬಿಚ್ಚಿಡಬೇಕು. ಬಂದ ದುಡ್ಡೆಷ್ಟು, ಯಾವ ಕೆಲಸಕ್ಕೆ ಹೋಯಿತು, ಎಲ್ಲ. ಯಾರು ಬೇಕಾದರೂ ರಿಜಿಸ್ಟರ್ ತಿರುವಿ ಹಾಕಬಹುದು. ಬರೀ ಕಾಗದ ನೋಡಿದರೆ ಸಾಲದು, ಆಗಿರೋ ಕಾಮಗಾರಿ ಇರೋ ಜಾಗಕ್ಕೇ ಹೋಗಿ ನೋಡಬೇಕು. ಕರ್ನಾಟಕ ಇದಕ್ಕೆ 2004ರಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಿದೆ. ಸರ್ಕಾರ ಊರಿಗೆ ಕೊಡೋ ಲೆಕ್ಕ ಇದು. ಎಂಥ ಒಳ್ಳೇ ಯೋಚನೆ ಅಲ್ವಾ? ಆದರೆ ಪದ ತಿರುಗಿದಷ್ಟು ಸುಲಭವಾಗಿ ಮನುಷ್ಯರು ತಿರುಗಿಲ್ಲ. ಲೆಕ್ಕ ಓದುವವರ ಮುಖ ಇನ್ನೂ ತಾಲ್ಲೂಕಿನ ಕಡೆಗೇ ಇದೆ.

ಓದುತ್ತಾ ಓದುತ್ತಾ ನಮ್ಮ ಬೀದಿಯ ಹೆಸರು ಬಂತು. ಸಿಸಿ ಚರಂಡಿ, ಉದ್ದ 62 ಮೀಟರ್, ಮೂರು ಲಕ್ಷ ಚಿಲ್ಲರೆ. ಯಾವ ಧೈರ್ಯ ಬಂತೋ, ಕೈ ಎತ್ತಿದೆ. "ಇದನ್ನು ಹೋಗಿ ನೋಡಬಹುದಾ?"

ಟೇಬಲ್ಲಿನ ಹಿಂದೆ ಒಂದು ಕ್ಷಣ ಮೌನ. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು. ಅವರಿಗೇ ಖುಷಿಯಾದ ಹಾಗಿತ್ತು. "ಖಂಡಿತ ಸರ್, ನೋಡಲೇಬೇಕು" ಅಂದರು. ಟೇಪ್ ತರಲು ಹೇಳಿದರು. ಒಳಗಿನಿಂದ ನೀರುಗಂಟಿ ಒಂದು ಸ್ಟೀಲ್ ಟೇಪ್ ತಂದ. 15 ಮೀಟರಿನದು. ಮೂರು ಮೀಟರ್ ಗುರುತಿನ ಹತ್ತಿರ ತುಕ್ಕು ಹಿಡಿದು, ಎಳೆದರೆ ಕಿರ್ ಅಂತಿತ್ತು.

ನಾವು ಆರೇಳು ಜನ ಹೊರಟೆವು. ಚರಂಡಿ ಶುರುವಾಗೋದು ದೇವಸ್ಥಾನದ ಹಿಂದಿನಿಂದ. ಟೇಪಿನ ಒಂದು ತುದಿ ನೀರುಗಂಟಿ ಹಿಡಿದ, ಇನ್ನೊಂದು ನಾನು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. 62 ಅಂತ ಬರೆದು 40 ಕಟ್ಟಿರುತ್ತಾರೆ, ಇವತ್ತು ಸಿಕ್ಕಿಬೀಳುತ್ತಾರೆ ಅಂತ. ಒಂದು ಸಲ, ಎರಡು ಸಲ, ಮೂರು, ನಾಲ್ಕು. ಐದನೇ ಸಲ ಟೇಪು ಎರಡು ಮೀಟರಿಗೆ ನಿಂತಿತು. 62. ಒಂದು ಸೆಂಟಿಮೀಟರೂ ಹೆಚ್ಚುಕಮ್ಮಿ ಇಲ್ಲ ಅನ್ನೋ ಹಾಗೆ. ಅಗಲ ಸರಿ, ಆಳ ಸರಿ. ಕಾಂಕ್ರೀಟು ಕೀಳಲು ನೋಡಿದರೆ ಬರಲಿಲ್ಲ. ಕಳ್ಳತನ ಹಿಡಿಯಲು ಹೋದವನಿಗೆ ಕಳ್ಳನೇ ಸಿಗದಿದ್ದರೆ ಆಗುತ್ತಲ್ಲ, ಅಂಥ ಪೆಚ್ಚು.

ಚರಂಡಿ ನಿಂತ ಜಾಗದಲ್ಲಿ ಒಂದು ಅಜ್ಜಿಯ ಮನೆ ಇದೆ. ಅದರಾಚೆ ಡಾಂಬರು ರಸ್ತೆ. ಎರಡು ಮೂರು ಸಲ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆದ್ದಿದೆ, ಚರಂಡಿ ಕೆಳಗೇ ಉಳಿದಿದೆ. ನೀರು ದಾಟಿ ಆಚೆ ಹಳ್ಳಕ್ಕೆ ಹೋಗಬೇಕೆಂದರೆ ರಸ್ತೆಯ ಅಡಿ ಒಂದು ಮೋರಿ ಬೇಕು. ಮೋರಿ ಇಲ್ಲ. ಹಾಗಾಗಿ 62 ಮೀಟರ್ ಹರಿದು ಬಂದ ನೀರು ಅಜ್ಜಿ ಮನೆ ಮುಂದೆ ಹಸಿರು ಬಣ್ಣಕ್ಕೆ ತಿರುಗಿ ನಿಂತಿತ್ತು. ಮೇಲೆ ಎರಡು ಚಪ್ಪಡಿ ಹಾಕಿಕೊಂಡಿದ್ದಾರೆ, ಮನೆಗೆ ಹೋಗಲು.

ಅಜ್ಜಿ ಜಗುಲಿ ಮೇಲೆ ಕೂತು ನಮ್ಮ ಅಳತೆ ನೋಡುತ್ತಿದ್ದರು. "ಮುಂಚೆ ನೀರು ಬೀದಿ ತುಂಬ ಹರಡ್ಕೊಂಡು ಒಣಗ್ತಿತ್ತು. ಈಗ ಎಲ್ಲರ ಮನೆ ಬಚ್ಚಲ ನೀರೂ ನೀಟಾಗಿ ನನ್ನ ಬಾಗಿಲಿಗೇ ಬರುತ್ತೆ ನೋಡಪ್ಪ" ಅಂದರು.

ಅಧಿಕಾರಿ ತಮ್ಮ ಫಾರಂ ನೋಡಿಕೊಂಡರು. ಅಂದಾಜು ಮೊತ್ತ, ಖರ್ಚಾದ ಮೊತ್ತ, ಎಂಬಿ (ಅಳತೆ ಪುಸ್ತಕ) ಪ್ರಕಾರ ಅಳತೆ, ಸ್ಥಳದಲ್ಲಿ ಅಳತೆ, ಗುಣಮಟ್ಟ. ಪ್ರತಿ ಕಾಲಮ್ಮಿಗೂ ಉತ್ತರ ಇತ್ತು. ನೀರು ಎಲ್ಲಿಗೆ ಹೋಗುತ್ತದೆ ಅನ್ನೋ ಕಾಲಮ್ಮು ಇರಲಿಲ್ಲ. ಪಿಡಿಒ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕೆಲಸಕ್ಕೆ ಮುಂಚೆ ಒಂದು, ನಡೀತಿರುವಾಗ ಒಂದು, ಮುಗಿದ ಮೇಲೆ ಒಂದು. ಪ್ರತಿ ಫೋಟೋದ ಕೆಳಗೂ ತಾರೀಕು, ಅಕ್ಷಾಂಶ, ರೇಖಾಂಶ. ಮೂರನೇ ಫೋಟೋದಲ್ಲಿ ಚರಂಡಿ ಅಚ್ಚುಕಟ್ಟಾಗಿ ಕಾಣುತ್ತದೆ. ಅಜ್ಜಿಯ ಮನೆ ಫ್ರೇಮಿನ ಆಚೆಗಿದೆ.

ಮಧ್ಯಾಹ್ನ ಊಟಕ್ಕೆ ಚಿಕ್ಕಮ್ಮನ ಮನೆಗೆ ಹೋದೆ. 2010ರಲ್ಲಿ ಪಂಚಾಯ್ತಿಯಲ್ಲಿ ಹೆಂಗಸರಿಗೆ ಅರ್ಧ ಸ್ಥಾನ ಮೀಸಲಾಯಿತಲ್ಲ, ಆ ಚುನಾವಣೆಯಲ್ಲಿ ಗೆದ್ದು ಐದು ವರ್ಷ ಮೆಂಬರ್ ಆಗಿದ್ದವರು. ಮೊದಲ ಒಂದು ವರ್ಷ ಮೀಟಿಂಗಿಗೆ ಹೋಗುತ್ತಿದ್ದದ್ದು ಚಿಕ್ಕಪ್ಪ. ಚಿಕ್ಕಮ್ಮನದು ಸಹಿ ಮಾತ್ರ. ಒಂದು ದಿನ ಚಿಕ್ಕಪ್ಪನಿಗೆ ಜ್ವರ ಬಂದು ಇವರೇ ಹೋಗಬೇಕಾಯಿತು. ಆಮೇಲೆ ಚಿಕ್ಕಪ್ಪನಿಗೆ ಜ್ವರ ಬಿಟ್ಟರೂ ಇವರು ಮೀಟಿಂಗ್ ಬಿಡಲಿಲ್ಲ.

ನಾನು ಚರಂಡಿ ಕತೆ ಹೇಳಿದೆ. ಚಿಕ್ಕಮ್ಮ ಮುದ್ದೆ ಮುರಿಯುತ್ತಾ ನಕ್ಕರು.

"ಅಲ್ಲಿಗೇ ಯಾಕೆ ನಿಲ್ತು ಗೊತ್ತೇನೋ? ಅಲ್ಲಿಗೆ ಆ ಮೆಂಬರ್ ಪಾಲು ಮುಗೀತು."

ಇದು ಕಾಯಿದೆಯಲ್ಲಿ ಎಲ್ಲೂ ಬರೆದಿಲ್ಲದ, ಆದರೆ ಊರೂರಲ್ಲೂ ನಡೆಯೋ ಪದ್ಧತಿ. ಕಾಯಿದೆ ಹೇಳೋದು ಹೀಗೆ: ಮೊದಲು ವಾರ್ಡ್ ಸಭೆ, ಅಲ್ಲಿ ಜನ ತಮಗೇನು ಬೇಕು ಅಂತ ಹೇಳುತ್ತಾರೆ. ಆಮೇಲೆ ಗ್ರಾಮ ಸಭೆ, ಅಲ್ಲಿ ಎಲ್ಲ ವಾರ್ಡಿನ ಬೇಡಿಕೆ ಕೂಡಿಸಿ ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನ. ಅದರ ಮೇಲೆ ಪಂಚಾಯ್ತಿ ಕ್ರಿಯಾಯೋಜನೆ ಮಾಡಬೇಕು. ನಡೆಯೋದು ಹೀಗೆ: 400 ಜನಕ್ಕೆ ಒಬ್ಬರ ಲೆಕ್ಕದಲ್ಲಿ ನಮ್ಮ ಪಂಚಾಯ್ತಿಗೆ 15 ಮೆಂಬರುಗಳು. ಈ ವರ್ಷ ಇಷ್ಟು ದುಡ್ಡು ಬರುತ್ತೆ ಅಂದರೆ ಅದನ್ನು 15ರಿಂದ ಭಾಗಿಸೋದು. ಒಬ್ಬೊಬ್ಬರಿಗೆ ಬಂದ ಪಾಲಿನಲ್ಲಿ ಅವರವರು ಒಂದು ತುಂಡು ಚರಂಡಿ, ಒಂದು ತುಂಡು ಸಿಸಿ ರಸ್ತೆ, ಒಂದು ದೀಪದ ಕಂಬ ಬರೆಸೋದು. ಜಗಳ ಇಲ್ಲ, ತಂಟೆ ಇಲ್ಲ. ಅಧ್ಯಕ್ಷರಿಗೆ ಅವಿಶ್ವಾಸ ಬಂದರೆ ಇಳಿಸಲು ಮೂರನೇ ಎರಡು ಭಾಗ ಮೆಂಬರುಗಳ ಮತ ಸಾಕು. ಅಂದರೆ ಕುರ್ಚಿ ಉಳಿಯಬೇಕಾದರೆ ಮೆಂಬರುಗಳನ್ನು ಸಮಾಧಾನವಾಗಿ ಇಟ್ಟುಕೊಳ್ಳಬೇಕು. ಸಮ ಪಾಲಿಗಿಂತ ಸಮಾಧಾನದ ದಾರಿ ಬೇರೆ ಯಾವುದು?

ಇದನ್ನು ಭ್ರಷ್ಟಾಚಾರ ಅಂತ ಬಯ್ಯೋದು ಸುಲಭ. ಸುಮ್ನೆ ಬಯ್ದು ಪ್ರಯೋಜನ ಇಲ್ಲ. ಇದರಲ್ಲಿ ಯಾರೂ ಒಂದು ರೂಪಾಯಿ ಹೊಡೆಯದೆಯೂ ಊರಿಗೆ ಉಪಯೋಗವಿಲ್ಲದ ಕೆಲಸ ಆಗಬಹುದು. ನಮ್ಮ 62 ಮೀಟರೇ ಸಾಕ್ಷಿ.

"ನಾನೊಂದು ಸಲ ಹೇಳ್ದೆ ಕಣೋ" ಅಂದರು ಚಿಕ್ಕಮ್ಮ. "ಈ ವರ್ಷ ಎಲ್ಲಾರದೂ ಒಂದೇ ಕಡೆ ಹಾಕಾಣ. ಹರಿಜನ ಕಾಲೋನಿಗೆ ನೀರಿನ ಟ್ಯಾಂಕು, ಪೈಪು ಪೂರ್ತಿ ಮುಗಿಸಾಣ. ಮುಂದಿನ ವರ್ಷ ಇನ್ನೊಂದು ಕಡೆ. ಎಲ್ಲಾ ಸುಮ್ನಾದ್ರು. ಆಮೇಲೆ ಒಬ್ಬ ಅಂದ, ಅಕ್ಕ, ಮುಂದಿನ ವರ್ಷ ದುಡ್ಡು ಬರದೇ ಇದ್ರೆ?"

ಆ ಮೆಂಬರು ಕೇಳಿದ್ದು ತಪ್ಪಲ್ಲ. ಮುಂದಿನ ವರ್ಷ ಎಷ್ಟು ಬರುತ್ತೆ, ಯಾವುದಕ್ಕೆ ಅಂತ ಬರುತ್ತೆ ಅಂತ ಪಂಚಾಯ್ತಿಗೆ ಗೊತ್ತಿರೋದಿಲ್ಲ. ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡನ್ನೇ ನೋಡಿ. ಅದರಲ್ಲಿ ನೂರಕ್ಕೆ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿದ್ದರು. ಉಳಿದ 40 ಊರಿನ ಇಷ್ಟಕ್ಕೆ, ಆದರೆ ಸಂಬಳಕ್ಕೆ ಮುಟ್ಟೋ ಹಾಗಿರಲಿಲ್ಲ. ರಾಜ್ಯ ಕೊಡೋ ಶಾಸನಬದ್ಧ ಅನುದಾನದಲ್ಲಿ ಬೀದಿದೀಪ, ಬೋರ್‌ವೆಲ್ಲಿನ ಕರೆಂಟ್ ಬಿಲ್ ಹೋದ ಮೇಲೆ ಉಳಿಯೋದು ಚೂರು ಪಾರು. ಹಾಗಾದರೆ ಪಂಚಾಯ್ತಿಯ ಸ್ವಂತ ದುಡ್ಡು ಅಂದರೆ ನಾವು ಕಟ್ಟೋ ಮನೆ ಕಂದಾಯ, ನೀರಿನ ಬಿಲ್ಲು, ಅಂಗಡಿ ಲೈಸೆನ್ಸು ಅಷ್ಟೇ.

ಆ ಕಂದಾಯದ ರಸೀತಿ ಯಾವತ್ತಾದರೂ ಪೂರ್ತಿ ಓದಿದ್ದೀರಾ? ನಾನು ಆ ದಿನವೇ ಮೊದಲು ಓದಿದ್ದು. ಕಂದಾಯ 100 ರೂಪಾಯಿ ಅಂದರೆ ಅದರ ಮೇಲೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಒಟ್ಟು 34 ರೂಪಾಯಿ ಸೆಸ್. ಈ 34ನ್ನು ವಸೂಲಿ ಮಾಡೋದು ಪಂಚಾಯ್ತಿ, ಆದರೆ ಅದು ಪಂಚಾಯ್ತಿಯದಲ್ಲ. ಮನೆ ಮನೆಗೆ ಅಲೆದು ಬೈಸಿಕೊಳ್ಳೋದು ಬಿಲ್ ಕಲೆಕ್ಟರು, ದುಡ್ಡು ಬೇರೆಯವರದು. ಈ ಕಾರಣಕ್ಕೋ ಏನೋ, ಅವರೂ ಜಾಸ್ತಿ ಜೋರು ಮಾಡೋದಿಲ್ಲ. ಮೆಂಬರುಗಳಂತೂ ಕಂದಾಯ ಏರಿಸೋ ಮಾತೇ ಎತ್ತೋದಿಲ್ಲ. ಪಕ್ಕದ ಮನೆಯವನ ಓಟು ಬೇಕಲ್ಲ. ನಾವೂ ಹಾಗೇ. ಮೂರು ವರ್ಷದ ಬಾಕಿ ಇಟ್ಟುಕೊಂಡು, ಇ-ಸ್ವತ್ತು ಬೇಕಾದಾಗ ಒಂದೇ ಸಲ ಕಟ್ಟುತ್ತೇವೆ. ನಮ್ಮ ಅಪ್ಪನ ಬಾಕಿ ನಾಲ್ಕು ವರ್ಷದ್ದಿತ್ತು. ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ನನಗೆ ಆ ದಿನ ಹೊಳೆದದ್ದು ಇಷ್ಟು. ದುಡ್ಡು ಯಾವ ಕಡೆಯಿಂದ ಬರುತ್ತದೋ ಆ ಕಡೆಗೇ ಮುಖ ಮಾಡಿ ಲೆಕ್ಕ ಓದುತ್ತಾರೆ. ದುಡ್ಡು ಮೇಲಿನಿಂದ ಬರುತ್ತದೆ. ಆಡಿಟ್ ಮೇಲಿನಿಂದ ಬರುತ್ತದೆ. ಪಿಡಿಒ ಅವರ ವರ್ಗಾವಣೆ ಮೇಲಿನಿಂದ ಬರುತ್ತದೆ. ದಿನ ಬೆಳಗಾದರೆ ವಾಟ್ಸಾಪಿನಲ್ಲಿ ತಾಲ್ಲೂಕಿನ ಇಒ ಕೇಳುತ್ತಾರೆ, ಇವತ್ತು ಎಷ್ಟು ಎಂಟ್ರಿ ಆಯಿತು, ಎಷ್ಟು ಫೋಟೋ ಹಾಕಿದಿರಿ. ಇಒ ಅವರನ್ನು ಜಿಲ್ಲೆಯ ಸಿಇಒ ಕೇಳುತ್ತಾರೆ. ಪಂಚತಂತ್ರ, ಗಾಂಧಿ ಸಾಕ್ಷಿ ಕಾಯಕ, ಇ-ಗ್ರಾಮ್ ಸ್ವರಾಜ್ ಅಂತ ಸರ್ಕಾರದ ಸಾಫ್ಟ್‌ವೇರುಗಳು, ಒಂದೊಂದಕ್ಕೂ ಒಂದೊಂದು ಲಾಗಿನ್. ಅಧ್ಯಕ್ಷರ ಡಿಜಿಟಲ್ ಸಹಿಯ ಕೀ ಎಷ್ಟೋ ಕಡೆ ಅಧ್ಯಕ್ಷರ ಹತ್ತಿರವೇ ಇರೋದಿಲ್ಲ, ಕಂಪ್ಯೂಟರ್ ಪಕ್ಕದ ಡ್ರಾಯರಿನಲ್ಲಿರುತ್ತದೆ. ನಮ್ಮ ಪಿಡಿಒ ಒಬ್ಬರೇ ಎರಡು ಪಂಚಾಯ್ತಿ ನೋಡಿಕೊಳ್ಳುತ್ತಾರೆ. ಅವರನ್ನು ಬಯ್ಯಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ಜನ ಮೇಲಿನವರಿಗೆ ಉತ್ತರ ಹೇಳೋ ಮನುಷ್ಯನಿಗೆ ಕೆಳಗೆ ಕೂತ ಮೂವರು ಕಾಣದೇ ಇದ್ದರೆ ಆಶ್ಚರ್ಯವಿಲ್ಲ.

ಸರಿ, ಮೋರಿಗೆ ಬರೋಣ. ಸಂಜೆ ಪಿಡಿಒ ಅವರನ್ನೇ ಕೇಳಿದೆ, ಒಂದು ಮೋರಿ ಹಾಕಿಸಲು ಏನು ಮಾಡಬೇಕು ಅಂತ. "ರಸ್ತೆ ನಮ್ಮದಲ್ಲ ಸರ್, ಜಿಲ್ಲಾ ಪಂಚಾಯ್ತಿದು" ಅಂದರು. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಬರೆಯಬೇಕು, ಅವರು ಅಂದಾಜು ಮಾಡಬೇಕು, ಜಿಲ್ಲಾ ಪಂಚಾಯ್ತಿ ಕ್ರಿಯಾಯೋಜನೆಗೆ ಸೇರಬೇಕು. "ನಾವು ಬರೆದಿದ್ದೀವಿ. ಎರಡು ಸಲ."

"ಹಾಗಾದ್ರೆ ನಮ್ಮ ಜಿಲ್ಲಾ ಪಂಚಾಯ್ತಿ ಮೆಂಬರನ್ನೇ ಹಿಡಿದರೆ?"

ಪಿಡಿಒ ನನ್ನನ್ನು ಒಂಥರಾ ನೋಡಿದರು. "ಸರ್, ಜಿಲ್ಲಾ ಪಂಚಾಯ್ತಿ ಮೆಂಬರ್ ಎಲ್ಲಿದಾರೆ?"

ನನಗೆ ನಾಚಿಕೆಯಾಯಿತು. ಪೇಪರಿನಲ್ಲಿ ಎಷ್ಟು ಸಲ ಓದಿದ್ದೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಕರ್ನಾಟಕದಲ್ಲಿ ಕೊನೇ ಸಲ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರಗಳ ಗಡಿ ಗುರುತಿಸೋ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಗಡಿ, ಮೀಸಲಾತಿ, ಕೋರ್ಟು ಅಂತ ವರ್ಷ ಉರುಳಿದವು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂತು, ಕುರ್ಚಿಗಳು ಮಾತ್ರ ಖಾಲಿ. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಇದೆ. ಮುಂದಿನದು ಇನ್ನೂ ತಮಾಷೆ. ಹಣಕಾಸು ಆಯೋಗದ ಅನುದಾನ ಬೇಕೆಂದರೆ ಚುನಾಯಿತ ಸಂಸ್ಥೆ ಇರಬೇಕು ಅಂತ ಷರತ್ತು. ಮೆಂಬರೂ ಇಲ್ಲ, ಆ ಪಾಲಿನ ದುಡ್ಡೂ ಇಲ್ಲ. ನಮ್ಮೂರ ನೀರು ಅಜ್ಜಿ ಮನೆ ಮುಂದೆ ಯಾಕೆ ನಿಂತಿದೆ ಅಂತ ಬೆರಳಿಟ್ಟು ತೋರಿಸುವುದಾದರೆ ಒಂದು ಬೆರಳು ಆ ಖಾಲಿ ಕುರ್ಚಿಯ ಕಡೆಗೂ ಹೋಗಬೇಕು.

ಈ ಮಾತು ಬಂದಾಗ ಊರಿನ ಹಿರಿಯರು ಯಾರಾದರೂ ಇದ್ದರೆ ನಜೀರ್ ಸಾಬರ ಹೆಸರು ಬಂದೇ ಬರುತ್ತದೆ. ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯ್ತಿ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಆದವರು. ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಇಡೀ ದೇಶಕ್ಕೆ ಬಂದದ್ದು 1993ರ ಏಪ್ರಿಲ್ 24ಕ್ಕೆ. ಅದಕ್ಕೂ ಹತ್ತು ವರ್ಷ ಮೊದಲೇ, 1983ರಲ್ಲಿ, ಕರ್ನಾಟಕ ತನ್ನದೇ ಕಾಯಿದೆ ಬರೆದುಕೊಂಡಿತ್ತು. ಕೆಳಗೆ ಮಂಡಲ ಪಂಚಾಯ್ತಿ, ಮೇಲೆ ಜಿಲ್ಲಾ ಪರಿಷತ್ತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ. 1987ರ ಜನವರಿಯಲ್ಲಿ ಚುನಾವಣೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ, ಜಿಲ್ಲಾಧಿಕಾರಿಗಿಂತ ಹಿರಿಯರು. ಆ ಒಂದು ಏರ್ಪಾಡಿನಲ್ಲೇ ಎಷ್ಟು ಅರ್ಥ ಇತ್ತು ನೋಡಿ. ಜಿಲ್ಲೆಗೆ ದೊಡ್ಡವರು ಡಿಸಿ ಅಂತ ನೂರಾರು ವರ್ಷದಿಂದ ನಂಬಿದ್ದ ಜನಕ್ಕೆ, ಇಲ್ಲ, ನೀವು ಓಟು ಹಾಕಿ ಕಳಿಸಿದವರು ದೊಡ್ಡವರು ಅಂತ ತೋರಿಸಿದ ಹಾಗೆ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಸರ್ಕಾರ ಬದಲಾಯಿತು. ಆ ಸಂಸ್ಥೆಗಳ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದು ಕೂತರು. ಜಿಲ್ಲಾ ಮಟ್ಟಕ್ಕೆ ಮತ್ತೆ ಚುನಾವಣೆ ಆಗಿದ್ದು 1995ರಲ್ಲಿ. ಹಾಗಾಗಿ ಈಗ ನಡೀತಿರೋದು ಹೊಸದೇನಲ್ಲ.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಇದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ತೆಗೆದು ಓದಿದೆ. 13ನೆಯದು: ರಸ್ತೆ, ಮೋರಿ, ಸೇತುವೆ. ಮೋರಿ! ನಮ್ಮೂರ ಅಜ್ಜಿಯ ಮನೆ ಮುಂದಿನ ಸಮಸ್ಯೆ ದೇಶದ ಸಂವಿಧಾನದಲ್ಲಿ ಹೆಸರು ಹಿಡಿದು ಕೂತಿದೆ. ಆದರೆ ಅಧಿಕಾರ ಕೊಡೋ ಕಲಮಿನಲ್ಲಿ ಇರೋ ಕ್ರಿಯಾಪದ 'ಕೊಡಬಹುದು'. 'ಕೊಡಬೇಕು' ಅಂತಿಲ್ಲ. ಕೊಡೋದು ಬಿಡೋದು ರಾಜ್ಯ ಶಾಸನಸಭೆಯ ಇಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರೇ ಪೂಜಾರಿಯನ್ನು ಕೇಳಿಕೊಳ್ಳಿ ಅಂದುಬಿಟ್ಟಿದ್ದಾನೆ. ಪೂಜಾರಿಗೆ, ಅಂದರೆ ಶಾಸಕರಿಗೆ, ಕ್ಷೇತ್ರದಲ್ಲಿ ಇನ್ನೊಬ್ಬ ಜನಪ್ರತಿನಿಧಿ ಬೆಳೆಯೋದು ಯಾಕೆ ಬೇಕು? ಜಿಲ್ಲಾ ಪಂಚಾಯ್ತಿ ಮೆಂಬರಾಗಿ ಹೆಸರು ಮಾಡಿದವನು ನಾಳೆ ಟಿಕೆಟ್ಟಿಗೆ ಎದುರಾಗುತ್ತಾನೆ. ಇದು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ, ಆದರೆ ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಕರ್ನಾಟಕದ ಕಾಯಿದೆ ಕಾಗದದ ಮೇಲೆ ಕೆಟ್ಟದ್ದೇನಲ್ಲ. ಕಾಯಿದೆ ತಿದ್ದಲು ಸಲಹೆ ಕೊಟ್ಟ ರಮೇಶ್ ಕುಮಾರ್ ಸಮಿತಿಯ ವರದಿ ಆದ ಮೇಲೆ ಅದರ ಹೆಸರಿಗೇ 'ಗ್ರಾಮ ಸ್ವರಾಜ್' ಸೇರಿತು. ಗ್ರಾಮ ಸಭೆಗೆ ಓಟರುಗಳಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಿ, ಇರಬೇಕು. ಆರು ತಿಂಗಳಿಗೆ ಒಂದು ಸಲವಾದರೂ ನಡೆಯಲೇಬೇಕು. ಮನೆ ಯಾರಿಗೆ ಕೊಡಬೇಕು ಅಂತ ಫಲಾನುಭವಿಗಳನ್ನು ಆರಿಸೋದು ಅಲ್ಲೇ. ನಮ್ಮೂರಿನ ಗ್ರಾಮ ಸಭೆಗೆ ಜನ ತುಂಬೋದು ಆ ಒಂದು ಪಟ್ಟಿ ಓದೋ ದಿನ. ಆವತ್ತು ಶಾಮಿಯಾನ ಸಾಲೋದಿಲ್ಲ, ಮೈಕ್ ಕಿತ್ತುಕೊಳ್ಳುತ್ತಾರೆ, ಪೊಲೀಸರು ಬರುತ್ತಾರೆ. ಪಟ್ಟಿ ಮುಗಿದ ತಕ್ಷಣ ಅರ್ಧ ಜನ ಎದ್ದು ಹೋಗುತ್ತಾರೆ. ಅವರನ್ನು ನಾನು ಹಂಗಿಸೋ ಹಾಗಿಲ್ಲ. ನಾನೂ ಜಮಾಬಂದಿಗೆ ಕೂತದ್ದು ನನ್ನ ಫೈಲಿಗೆ ಹೋಗಿ ಸಿಕ್ಕಿಕೊಂಡದ್ದಕ್ಕೆ.

ಇನ್ನೊಂದು ತೊಡಕಿದೆ. ಗ್ರಾಮ ಸಭೆಯ ಕೋರಂನಲ್ಲಿ ನನ್ನ ತಲೆ ಎಣಿಕೆಗೆ ಬರೋದಿಲ್ಲ. ನನ್ನ ಓಟು ಬೆಂಗಳೂರಿನಲ್ಲಿದೆ. ಆದರೆ ಬೆಂಗಳೂರಿನಲ್ಲಿ ಕಸ ಎತ್ತಿಲ್ಲ ಅಂತ ಯಾರನ್ನು ಕೇಳಲಿ? ಬಿಬಿಎಂಪಿಗೆ ಕೊನೇ ಚುನಾವಣೆ 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿಗೆ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷ ಅಧಿಕಾರಿಗಳದೇ ಆಡಳಿತ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆ ಬಂದವು. ಆಗ ನನ್ನ ಕತೆ ಹೀಗಾಗಿತ್ತು: ಓಟು ಇದ್ದ ಕಡೆ ಮೆಂಬರಿಲ್ಲ, ಮೆಂಬರಿದ್ದ ಕಡೆ ಓಟಿಲ್ಲ. ಊರು ಬಿಟ್ಟು ಬಂದ ಎಷ್ಟು ಜನರ ಕತೆ ಇದೇ ಇರಬಹುದು ಅಲ್ವಾ?

ಆ ಸಂಜೆಗೆ ವಾಪಸ್ ಬರುತ್ತೇನೆ. ಚರಂಡಿ ನೋಡಿ ಬಂದ ಮೇಲೆ ಜಮಾಬಂದಿಯ ವರದಿ ಬರೆಯಬೇಕಿತ್ತು. ಕಾರ್ಯದರ್ಶಿ ರಿಜಿಸ್ಟರಿನಲ್ಲಿ ಬರೆದರು: ಕಾಮಗಾರಿ ಸ್ಥಳದಲ್ಲಿ ಪರಿಶೀಲಿಸಲಾಗಿದೆ, ಅಳತೆ ಸರಿ ಇದೆ, ಗುಣಮಟ್ಟ ತೃಪ್ತಿಕರವಾಗಿದೆ. ನಾನು ಕೇಳಿದೆ, ಇನ್ನೊಂದು ಸಾಲು ಸೇರಿಸಬಹುದಾ ಅಂತ. ಅವರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ತಲೆ ಆಡಿಸಿದರು.

"ಏನಂತ ಬರೀಲಿ ಸರ್?"

"ಚರಂಡಿಯ ಕೊನೆಯಲ್ಲಿ ನೀರು ಮುಂದೆ ಹೋಗಲು ದಾರಿ ಇಲ್ಲ ಅಂತ ಬರೀರಿ."

ಅವರು ಬರೆದದ್ದು: 'ಸದರಿ ಚರಂಡಿಯ ಅಂತ್ಯದಲ್ಲಿ ನೀರು ಹರಿಯಲು ಸೂಕ್ತ ವ್ಯವಸ್ಥೆ ಇಲ್ಲದಿರುವುದನ್ನು ಸಾರ್ವಜನಿಕರು ಸಭೆಯ ಗಮನಕ್ಕೆ ತಂದಿರುತ್ತಾರೆ.' ಸಾರ್ವಜನಿಕರು ಅಂದರೆ ನಾನೊಬ್ಬ. ಅಡ್ಡಿಯಿಲ್ಲ. ಸಹಿ ಹಾಕಲು ಪುಟ ತಿರುಗಿಸುವಾಗ ಹಿಂದಿನ ವರ್ಷದ ಹಾಳೆ ಕಣ್ಣಿಗೆ ಬಿತ್ತು. ಅದರಲ್ಲಿ 14 ಸಹಿಗಳು. ಮೂರು ಹೆಬ್ಬೆಟ್ಟು. ಷರಾ ಬರೆಯೋ ಜಾಗದಲ್ಲಿ ಒಂದು ಅಡ್ಡಗೆರೆ.

ಆ ಸಾಲಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆದುಕೊಂಡೆ. ಅದನ್ನೇ ಲಗತ್ತಿಸಿ ಜಿಲ್ಲೆಗೆ ಒಂದು ಪತ್ರ ಬರೆದೆ. ಸ್ವೀಕೃತಿ ಬಂತು, ಉತ್ತರ ಬಂದಿಲ್ಲ. ಚಿಕ್ಕಮ್ಮನಿಗೆ ಇದೆಲ್ಲ ಹೇಳಿದರೆ ಅವರು ಪತ್ರದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಗ್ರಾಮ ಪಂಚಾಯ್ತಿಗಳ ಅವಧಿ ಕೂಡ ಮುಗಿಯುತ್ತಾ ಬಂದಿತ್ತು, ಅದಕ್ಕೆ ಮುಂಚೆ ಇನ್ನೊಂದು ವಾರ್ಡ್ ಸಭೆ ಆಗಬೇಕಿತ್ತು. ಅದು ಯಾವತ್ತು ಅಂತ ನೋಟಿಸ್ ಅಂಟಿಸಿದ ದಿನವೇ ಫೋಟೋ ತೆಗೆದು ಕಳಿಸುತ್ತೀನಿ ಅಂದರು. ಅಜ್ಜಿಯನ್ನೂ ಆ ಸಾಲಿನ ಮನೆಯವರನ್ನೂ ತಾವೇ ಕರೆದುಕೊಂಡು ಬರುತ್ತಾರಂತೆ. ನನ್ನ ಓಟು ಇಲ್ಲದಿದ್ದರೂ ಪರವಾಗಿಲ್ಲ, ಓದಿ ಹೇಳಲು ಒಬ್ಬರು ಬೇಕಂತೆ. ರಸ್ತೆ ಎಷ್ಟು ಎತ್ತರ ಇದೆ, ಚರಂಡಿ ಎಷ್ಟು ತಗ್ಗಿದೆ ಅಂತ ಅವತ್ತೇ ಎಲ್ಲರ ಮುಂದೆ ಅಳೆದು ಬರೆಸಬೇಕು ಅಂದರು. ಫೋನ್ ಇಡೋ ಮುಂಚೆ ನೆನಪು ಮಾಡಿದರು.

"ಬರೋವಾಗ ಒಂದು ಟೇಪ್ ತಗೊಂಡು ಬಾರೋ. ಪಂಚಾಯ್ತಿದು ತುಕ್ಕು ಹಿಡ್ದಿದೆ."